ಬಾಟಲಿ ಅಳೆಯುತ್ತೇವೆ, ಓದುವುದಿಲ್ಲ

ನಮ್ಮೂರಿನ ವಾರ್ಡುಗಳಲ್ಲಿ ಅದಕ್ಕೆ ಐಸಿಡಿ ಅನ್ನುತ್ತಾರೆ, ಇಲ್ಲಿ ಬ್ರಿಟನ್ನಿನಲ್ಲಿ ಚೆಸ್ಟ್ ಡ್ರೈನ್. ಎದೆಗೂಡಿನಲ್ಲಿ ಸೇರಿಕೊಂಡ ಗಾಳಿ, ನೀರು, ಕೀವು ಹೊರಬರಲು ಒಂದು ಟ್ಯೂಬು, ಅದು ಹೋಗಿ ಮುಳುಗಲು ನೀರಿನ ಬಾಟಲಿ. ಸಾಮಾನು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಪಕ್ಕದಲ್ಲಿ ನಿಂತ ನರ್ಸಿಗೆ ಏನು ಕಲಿಸಿದ್ದಾರೆ ಅನ್ನುವಲ್ಲಿ ಮಾತ್ರ ಅಜಗಜಾಂತರ.

ನರ್ಸಿಂಗಿನಲ್ಲಿ ಜಿಎನ್‌ಎಂ ಡಿಪ್ಲೊಮಾ ಓದಿರಲಿ, ಬಿಎಸ್ಸಿ ಓದಿರಲಿ, ಅಂಡರ್‌ವಾಟರ್ ಸೀಲಿನ, ಅಂದರೆ ಹೊರಬಂದ ಗಾಳಿ ವಾಪಸ್ ಹೋಗದಂತೆ ನೀರೇ ತಡೆಯುವ ಆ ಬಾಟಲಿಯ, ಚಿತ್ರ ಬರೆದು ಭಾಗ ಗುರುತಿಸಲು ನಮ್ಮ ಹುಡುಗಿಯರಿಗೆ ಚೆನ್ನಾಗಿ ಬರುತ್ತದೆ. ವಾರ್ಡಿಗೆ ಬಂದ ಮೇಲೆ ಕಲಿಕೆಯೆಲ್ಲ ಸೀನಿಯರ್ ಸಿಸ್ಟರ್ ಮಾಡಿದ್ದನ್ನು ನೋಡಿ. ಅವರು ಬೆಳಿಗ್ಗೆ ಆರಕ್ಕೆ ಎಷ್ಟು ಎಂಎಲ್ ಎಂದು ಬರೆದರೆ ಇವರೂ ಅದೊಂದನ್ನೇ ಬರೆಯುತ್ತಾರೆ. ಇಲ್ಲಿನ ಎದೆರೋಗ ವಾರ್ಡುಗಳಲ್ಲಿ ಡ್ರೈನ್‌ಗೇ ಬೇರೆ ಚಾರ್ಟು: ಎಷ್ಟು ಬಂತು, ಯಾವ ಬಣ್ಣ, ಟ್ಯೂಬಿನಲ್ಲಿ ನೀರು ಆಡುತ್ತಿದೆಯೇ, ಗುಳ್ಳೆ ಬರುತ್ತಿದೆಯೇ. ಕೊನೆಯ ಆ ಎರಡು ಅಂಕಣ ತುಂಬಲು ಬಂದರೆ ಮುಕ್ಕಾಲು ತರಬೇತಿ ಆದಂತೆ.

ರೋಗಿ ಉಸಿರು ಎಳೆದಾಗ ನೀರು ನಳಿಕೆಯಲ್ಲಿ ಮೇಲೇರಬೇಕು, ಬಿಟ್ಟಾಗ ಇಳಿಯಬೇಕು. ವೆಂಟಿಲೇಟರಿನಲ್ಲಿದ್ದರೆ ಉಲ್ಟಾ. ಆಟ ನಿಂತಿತೆಂದರೆ ಶ್ವಾಸಕೋಶ ಪೂರ್ತಿ ಹಿಗ್ಗಿರಬಹುದು. ಟ್ಯೂಬು ಬೆನ್ನಡಿ ಮಡಿಚಿಕೊಂಡಿರಬಹುದು, ಕೀವು ಕಟ್ಟಿಕೊಂಡಿರಲೂಬಹುದು. ಹಾಗಾಗಿ ಮೊದಲು ಹೊದಿಕೆ ಸರಿಸಿ, ಡ್ರೆಸಿಂಗಿನಿಂದ ಬಾಟಲಿಯವರೆಗೆ ಟ್ಯೂಬಿನ ಮೇಲೆ ಕೈಯಾಡಿಸಿಕೊಂಡು ಬರಬೇಕು. 12 ಫ್ರೆಂಚ್‌ನಂಥ (ಫ್ರೆಂಚ್ ಅಂದರೆ ಟ್ಯೂಬಿನ ದಪ್ಪದ ಅಳತೆ) ಸಣ್ಣ ಟ್ಯೂಬು ಬೇಗ ಕಟ್ಟಿಕೊಳ್ಳುತ್ತದೆ. ಆರು ಗಂಟೆಗೊಮ್ಮೆ 20 ಎಂಎಲ್ ಸಲೈನ್ ಬಿಡುವ ರೂಢಿ ಅದಕ್ಕೇ. ಫ್ಲಶ್ ಮಾಡಿದವರು ಟ್ಯೂಬಿನಲ್ಲಿರುವ ತ್ರೀ-ವೇ ಎಂಬ ಪುಟ್ಟ ನಲ್ಲಿಯನ್ನು ತಿರುಗಿಸಿ ತೆರೆಯುವುದು ಮರೆತರಂತೂ ಡ್ರೈನ್ ಇದ್ದೂ ಇಲ್ಲದಂತೆ. ಇದು ಎರಡೂ ದೇಶದಲ್ಲಿ ನಡೆಯುವ ತಪ್ಪು.

ಗುಳ್ಳೆ ಕಾಣದಿದ್ದರೆ ರೋಗಿಗೆ ಕೆಮ್ಮಲು ಹೇಳಿ ನೋಡಬೇಕು. ಬಿಡದೆ ಬುಳಬುಳ ಬರುತ್ತಿದ್ದರೆ ಎದೆಯ ಹತ್ತಿರ ಟ್ಯೂಬನ್ನು ಒಂದೆರಡು ಕ್ಷಣ ಹಿಸುಕಿ ನೋಡಿ. ನಿಂತರೆ ಗಾಳಿ ರೋಗಿಯ ಕಡೆಯಿಂದ ಬರುತ್ತಿದೆ, ನಿಲ್ಲದಿದ್ದರೆ ಕೆಳಗೆಲ್ಲೋ ಜಾಯಿಂಟು ಸಡಿಲ. ಹಿಸುಕಿದ ಕೈ ತಕ್ಷಣ ಬಿಡಬೇಕು. ಗುಳ್ಳೆ ಬರುತ್ತಿರುವ ಡ್ರೈನ್‌ಗೆ ಟ್ಯೂಬು ಅದುಮಿ ಮುಚ್ಚುವ ಕ್ಲಾಂಪ್ ಹಾಕಿಟ್ಟರೆ ಗಾಳಿ ಎದೆಯೊಳಗೇ ತುಂಬಿ, ಶ್ವಾಸಕೋಶ ಅದುಮಿ, ಹೃದಯವನ್ನೂ ಪಕ್ಕಕ್ಕೆ ತಳ್ಳುತ್ತದೆ. ನಮ್ಮಲ್ಲಿ ಎಕ್ಸ್‌ರೇಗೆ ಕರೆದೊಯ್ಯುವಾಗ ಬಾಟಲಿಯನ್ನು ಟ್ರಾಲಿಯ ಮೇಲೆ, ರೋಗಿಯ ಕಾಲ ನಡುವೆ ಇಡುವ ಅಭ್ಯಾಸ ಹಲವು ಕಡೆ ಇದೆ. ನೀರು ವಾಪಸ್ ಹೋಗದಿರಲಿ ಎಂದು ಕ್ಲಾಂಪನ್ನೂ ಜಡಿಯುತ್ತಾರೆ. ಬಾಟಲಿಯನ್ನು ಎದೆಗಿಂತ ಕೆಳಗೆ ನೆಟ್ಟಗೆ ನೇತುಹಾಕಿದರೆ ಕ್ಲಾಂಪಿನ ಮಾತೇ ಬರುವುದಿಲ್ಲ.

ಒಂಟಿ ಬಾಟಲಿಯ ಇನ್ನೊಂದು ಸೂಕ್ಷ್ಮ ಯಾರೂ ಬಿಡಿಸಿ ಹೇಳುವುದಿಲ್ಲ. ನಳಿಕೆಯ ತುದಿ ನೀರಿನಡಿ 2 ಸೆಂ.ಮೀ. ಇರಬೇಕು. 10 ಸೆಂ.ಮೀ. ಅಗಲದ ಬಾಟಲಿಗೆ 1 ಲೀಟರ್ ಕೀವು ಸೇರಿದರೆ ಮಟ್ಟ 12 ಸೆಂ.ಮೀ.ಗೂ ಹೆಚ್ಚು ಏರುತ್ತದೆ. ಗಾಳಿ ಈಗ ಅಷ್ಟು ನೀರನ್ನು ತಳ್ಳಿಕೊಂಡು ಬರಬೇಕು, ರೋಗಿಗೆ ಏದುಸಿರು. ಬಾಟಲಿ ಬದಲಾಯಿಸಬೇಕಾದದ್ದು ಆಗ, ಬಾಯಿವರೆಗೆ ತುಂಬಿದಾಗಲ್ಲ. ಮೊದಲು ಹಾಕಿದ ನೀರೆಷ್ಟು ಎಂದು ಬಾಟಲಿಯ ಮೇಲೇ ಬರೆಯದಿದ್ದರೆ ಮಾರನೆಯ ದಿನದ ಲೆಕ್ಕವೂ ಸುಳ್ಳು. ನೀರು ತುಂಬಿದ ಎದೆಯಾದರೆ ಒಮ್ಮೆಗೆ 1.5 ಲೀಟರ್ ದಾಟಗೊಡಬಾರದು. ಕುಗ್ಗಿದ ಶ್ವಾಸಕೋಶ ಏಕಾಏಕಿ ಹಿಗ್ಗಿದರೆ ಅದರೊಳಗೇ ನೀರು ತುಂಬಿಕೊಳ್ಳಬಹುದು. ನಡುವೆ ಕೆಮ್ಮು, ಎದೆನೋವು ಶುರುವಾದರೆ ಅಷ್ಟಾಗುವವರೆಗೂ ಕಾಯದೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು.

ಇಷ್ಟನ್ನು ಇಲ್ಲಿ ಒಂದು ದಿನದ ಪಾಠದಲ್ಲಿ ಹೇಳಿ, ಆಮೇಲೆ ಹಾಸಿಗೆಯ ಪಕ್ಕದಲ್ಲಿ ಮಾಡಿಸಿ ನೋಡಿ, ಪುಸ್ತಿಕೆಯಲ್ಲಿ ಸಹಿ ಹಾಕುತ್ತಾರೆ. ಬೆಂಗಳೂರಿನಲ್ಲಿ ಹತ್ತು ವರ್ಷ ಐಸಿಡಿ ನೋಡಿ ಬಂದವರೂ ಮತ್ತೆ ಸಹಿ ಪಡೆಯಬೇಕು. ಅವಮಾನ ಅನ್ನಿಸುವುದು ಸಹಜ, ಆದರೂ ಕ್ರಮ ಸರಿಯೇ. ಸರಿಯಲ್ಲದ್ದು ಬೇರೆ ಇದೆ: ಎಷ್ಟೋ ವಾರ್ಡುಗಳಿಗೆ ಡ್ರೈನ್ ಬರುವುದೇ ಅಪರೂಪ, ಸಹಿ ಉಳಿಯುತ್ತದೆ, ಕೈ ಮರೆಯುತ್ತದೆ. ಇಲ್ಲಿ ನರ್ಸಿನ ನೋಂದಣಿ ನವೀಕರಣಕ್ಕೆ ಮೂರು ವರ್ಷಕ್ಕೆ 35 ಗಂಟೆ ಕಲಿಕೆ ತೋರಿಸಬೇಕು ನಿಜ, ಅದರಲ್ಲಿ ಡ್ರೈನ್ ಇರಲೇಬೇಕೆಂದಿಲ್ಲ. ಕೇಸುಗಳಿರುವುದು ನಮ್ಮಲ್ಲಿ. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂಥ ಕಡೆ ಜಿಲ್ಲಾ ಆಸ್ಪತ್ರೆಯ ನರ್ಸುಗಳನ್ನು ಎರಡು ವಾರ ನಿಲ್ಲಿಸಿ ಸಹಿ ಮಾಡಿಸಿ ಕಳಿಸಿದರೆ, ಇಲ್ಲಿನ ಸಹಿಗಿಂತ ಅದಕ್ಕೇ ತೂಕ ಹೆಚ್ಚು. ಗಾಳಿ ಸೋರುವುದನ್ನು ಅಂಕಿಯಲ್ಲಿ ತೋರಿಸುವ ಡಿಜಿಟಲ್ ಯಂತ್ರಕ್ಕೆ ಕಾಯಬೇಕಿಲ್ಲ. ಈಗಿನ ಚಾರ್ಟಿಗೆ ನೀರಿನ ಆಟಕ್ಕೊಂದು, ಗುಳ್ಳೆಗೊಂದು ಅಂಕಣವಾಗುವಂತೆ ಎರಡು ಗೀಟು ಎಳೆದು ಜೆರಾಕ್ಸ್ ಮಾಡಿಸಿದರೆ ಸಾಕು.

ಇಲ್ಲಿಂದ ತರಲಾಗದ್ದೂ ಒಂದಿದೆ. ಬ್ರಿಟನ್ನಿನಲ್ಲಿ ರಾತ್ರಿ ರೋಗಿಯ ಪಕ್ಕ ಸಾಮಾನ್ಯವಾಗಿ ಮನೆಯವರಿರುವುದಿಲ್ಲ. ನಮ್ಮಲ್ಲಿ ಬಾಟಲಿ ಹಿಡಿದು ಶೌಚಾಲಯಕ್ಕೆ ಕರೆದೊಯ್ಯುವವರೇ ಹೆಂಡತಿ, ಮಗ. ಪಾಠವೆಲ್ಲ ಇಂಗ್ಲಿಷಿನಲ್ಲಿ ಕಲಿತ ನರ್ಸು ಇವರಿಗೆ ಕನ್ನಡದಲ್ಲಿ ಹೇಳುವುದನ್ನೂ ಕಲಿಯಬೇಕು: "ಬಾಟ್ಲಿ ಸೊಂಟಕ್ಕಿಂತ ಮೇಲೆ ಎತ್ತಬೇಡಿ ಅಮ್ಮಾ. ಉರುಳಿದ್ರೆ ಮೊದ್ಲು ನೆಟ್ಟಗೆ ನಿಲ್ಸಿ, ಆಮೇಲೆ ನನ್ನ ಕೂಗಿ. ಪೈಪು ಎದೆಯಿಂದ ಕಿತ್ತು ಬಂದ್ರೆ ಆ ಜಾಗ ಅಂಗೈಲಿ ಒತ್ತಿ ಹಿಡ್ಕೊಂಡೇ ಕೂಗಿ."