ಗರ ಬಡಿದ ಬ್ರೌಸರ್

ಹೊಸ ಕಂಪ್ಯೂಟರ್ ಮನೆಗೆ ಬಂದ ನಾಲ್ಕನೆಯ ದಿನ ಬೆಳಗ್ಗೆ, ಆನ್‌ಲೈನ್ ಅರ್ಜಿಯೊಂದನ್ನು ತುಂಬಲು ಕುಳಿತು, ವಿಳಾಸದ ಅಂಕಣದಲ್ಲಿ ಮನೆಯ ಸಂಖ್ಯೆಯನ್ನು ಬರೆದು ರಸ್ತೆಯ ಹೆಸರಿಗೆ ಬರುವಷ್ಟರಲ್ಲಿ ಅಕ್ಷರಗಳು ಮೂಡುವುದು ನಿಂತುಹೋಯಿತು. ನಾನು ಮಾತ್ರ ಬರೆಯುತ್ತಲೇ ಇದ್ದೆ. ಕೀಲಿಮಣೆಯನ್ನು ನೋಡಿಕೊಂಡೇ ಟೈಪು ಮಾಡುವ ನನ್ನಂಥವರಿಗೆ ಪರದೆಯ ಮೇಲಿನ ವರ್ತಮಾನ ಯಾವಾಗಲೂ ತಡವಾಗಿ ತಲುಪುತ್ತದೆ. ರಸ್ತೆ, ಬಡಾವಣೆ, ಊರು ಎಲ್ಲವನ್ನೂ ಒತ್ತಿ ಮುಗಿಸಿ ತಲೆ ಎತ್ತಿದರೆ, ಅಲ್ಲಿ ಮನೆಯ ಸಂಖ್ಯೆಯೊಂದೇ ಬಯಲಲ್ಲಿ ಬಿಟ್ಟ ಹೊಸ್ತಿಲಿನಂತೆ ನಿಂತಿತ್ತು.

ಹಳೆಯ ಕಂಪ್ಯೂಟರ್ ಹೀಗೆ ಮಾಡಿದ್ದರೆ ಕ್ಷಮಿಸಬಹುದಿತ್ತು. ಅದಕ್ಕೆ ಒಂಬತ್ತು ವರ್ಷ ವಯಸ್ಸಾಗಿತ್ತು. ಗುಂಡಿ ಒತ್ತಿ, ಸ್ನಾನ ಮುಗಿಸಿ ಬಂದರೂ ಅದು ಇನ್ನೂ ಮೈಮುರಿಯುತ್ತಾ ಏಳುತ್ತಿತ್ತು. ಆದರೆ ಇದು 16 ಜಿಬಿ ರ‍್ಯಾಮ್ ಇರುವ, ಹತ್ತು ಸೆಕೆಂಡಿನಲ್ಲಿ ಎದ್ದು ಕೂರುವ, ಅಂಚಿನ ಪ್ಲಾಸ್ಟಿಕ್ ಪೊರೆಯನ್ನು ಕೂಡ ಇನ್ನೂ ಪೂರ್ತಿ ಕಿತ್ತಿರದ ಯಂತ್ರ. ನಾಲ್ಕು ದಿನದ ಕೂಸಿಗೆ ಗರ ಬಡಿದರೆ ಹೆತ್ತವರಿಗೆ ಏನಾಗುತ್ತದೆಯೋ ನನಗೂ ಅದೇ ಆಯಿತು.

ಬಾಣದ ಗುರುತು ಇದ್ದ ಜಾಗದಲ್ಲಿ ನೀಲಿ ಉಂಗುರವೊಂದು ಸುತ್ತತೊಡಗಿತು. ಒಂದು ಕಾಲದಲ್ಲಿ ಇದೇ ಜಾಗದಲ್ಲಿ ಮರಳಿನ ಗಡಿಯಾರ ಕಾಣಿಸಿಕೊಳ್ಳುತ್ತಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ ಅದನ್ನು ತೆಗೆದು ಉಂಗುರವನ್ನು ತಂದಿತು. ಆ ಬದಲಾವಣೆಯನ್ನು ನಾನು ಇಂದಿಗೂ ಒಪ್ಪಿಲ್ಲ. ಮರಳು ಎಂದಾದರೂ ಮುಗಿದೀತೆಂಬ ಆಸೆಯಾದರೂ ಇರುತ್ತಿತ್ತು, ಉಂಗುರಕ್ಕೆ ಆದಿಯೂ ಇಲ್ಲ ಅಂತ್ಯವೂ ಇಲ್ಲ. ನೋಡುತ್ತಿದ್ದಂತೆಯೇ ಇಡೀ ಪುಟ ಕೆಟ್ಟ ಸುದ್ದಿ ಕೇಳಿದವರ ಮುಖದ ಹಾಗೆ ಬಿಳಿಚಿಕೊಂಡಿತು. ಮೇಲಿನ ಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂಬ ಒಕ್ಕಣೆ ಮೂಡಿತು. ಪ್ರತಿಕ್ರಿಯೆ ಇಲ್ಲ ಎಂಬುದು ಅಷ್ಟು ಹೊತ್ತಿಗೆ ನನಗೂ ಗೊತ್ತಾಗಿತ್ತು.

ಈ ಬಿಳಿಚಿಕೊಳ್ಳುವಿಕೆಯ ಹಿಂದಿನ ಕಥೆಯನ್ನು ಆಮೇಲೆ ಓದಿ ತಿಳಿದುಕೊಂಡೆ, ಓದಿದ ಮೇಲೆ ರಾತ್ರಿ ಒಬ್ಬನೇ ಕಂಪ್ಯೂಟರಿನ ಮುಂದೆ ಕೂರುವುದನ್ನು ಸ್ವಲ್ಪ ಕಡಿಮೆ ಮಾಡಿದೆ. ವಿಂಡೋಸ್‌ನಲ್ಲಿ ತೆರೆದಿರುವ ಪ್ರತಿಯೊಂದು ಕಿಟಕಿಯೂ ತನಗೆ ಬರುವ ಸಂದೇಶಗಳಿಗೆ ಆಗಾಗ ಓಗೊಡುತ್ತಿರಬೇಕು. 5 ಸೆಕೆಂಡುಗಳ ಕಾಲ ಅದು ಓಗೊಡದಿದ್ದರೆ, ವ್ಯವಸ್ಥೆಯು ಆ ಕಿಟಕಿಗೆ ಜ್ಞಾನ ತಪ್ಪಿದೆಯೆಂದು ತೀರ್ಮಾನಿಸಿ, ನಿಜವಾದ ಕಿಟಕಿಯನ್ನು ಮರೆಗೆ ಸರಿಸಿ, ಅದೇ ಜಾಗದಲ್ಲಿ ಅದೇ ಅಳತೆಯ ಅದೇ ಮುಖದ ಒಂದು ನಕಲನ್ನು ತಂದು ನಿಲ್ಲಿಸುತ್ತದೆ. ತಂತ್ರಜ್ಞರು ಅದನ್ನು ‘ಘೋಸ್ಟ್ ವಿಂಡೋ’ ಎಂದೇ ಕರೆಯುತ್ತಾರೆ. ಎಳೆದರೆ ಅದು ಬರುತ್ತದೆ, ಕುಗ್ಗಿಸಿದರೆ ಕುಗ್ಗುತ್ತದೆ, ಮುಚ್ಚೆಂದರೆ ಮುಚ್ಚಿಕೊಳ್ಳಲೂ ಸಿದ್ಧ. ಮಾತನಾಡಿಸಿದರೆ ಮಾತ್ರ ಮಾತಿಲ್ಲ. ಅಂದರೆ ಆ ಬೆಳಗ್ಗೆ ಸುಮಾರು ಒಂದು ನಿಮಿಷ ನಾನು ಬೈದದ್ದು, ಬೇಡಿಕೊಂಡದ್ದು, ಮೌಸಿನಿಂದ ಕುಟ್ಟಿದ್ದು ಎಲ್ಲವೂ ಒಂದು ದೆವ್ವವನ್ನು.

ಗರ ಇಳಿದದ್ದು ಏರಿದಷ್ಟೇ ಹಠಾತ್ತಾಗಿ. ಬಿಳಿ ಸರಿದು ಬಣ್ಣ ಬಂತು, ರಸ್ತೆಯ ಹೆಸರು ಕೋಲ್ಮಿಂಚಿನಂತೆ ಒಂದೇ ಸಲಕ್ಕೆ ಮೂಡಿತು, ಊರು ಮಾತ್ರ ಬರಲೇ ಇಲ್ಲ. ಹ್ಯಾಂಗ್ ಆದ ಮೊದಲ ಕ್ಷಣಗಳಲ್ಲಿ ನಾವು ಒತ್ತಿದ ಕೀಲಿಗಳು ಕಳೆದುಹೋಗುವುದಿಲ್ಲವಂತೆ, ಬಾಗಿಲು ತೆರೆಯುವವರೆಗೆ ಹೊರಗೆ ಸಾಲಾಗಿ ನಿಂತಿರುತ್ತವಂತೆ. ಈ ಸತ್ಯ ನನಗೆ ಮೊದಲೇ ಗೊತ್ತಿದ್ದಿದ್ದರೆ ಮುಂದಿನ ಅನಾಹುತ ಆಗುತ್ತಿರಲಿಲ್ಲ. ಅರ್ಜಿಯನ್ನು ಹೇಗೋ ತುಂಬಿ ಮುಗಿಸಿ ‘ಸಲ್ಲಿಸಿ’ ಎಂಬ ಗುಂಡಿಯನ್ನು ಒತ್ತಿದೆ. ಬ್ರೌಸರ್ ಮತ್ತೆ ಮರಗಟ್ಟಿತು. ಗುಂಡಿ ಸರಿಯಾಗಿ ಒತ್ತಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದೆ, ಆಮೇಲೆ ಅನುಮಾನದಿಂದ, ಆಮೇಲೆ ಸಿಟ್ಟಿನಿಂದ, ಕೊನೆಗೆ ಯಾವ ಭಾವನೆಯೂ ಇಲ್ಲದೆ ಅಭ್ಯಾಸಬಲದಿಂದ ಒತ್ತಿದೆ. ಒಟ್ಟು ಏಳು ಸಲ. ಈ ಲೆಕ್ಕ ನನಗೆ ಹೇಗೆ ಗೊತ್ತಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

“ಅದಕ್ಕೇ ಹೇಳಿದ್ದು, ಹಳೇದನ್ನ ಯಾರಿಗೂ ಕೊಡಬೇಡಿ ಅಂತ” ಎಂದು ನನ್ನ ಹೆಂಡತಿ ಒಳಗಿನಿಂದಲೇ ತೀರ್ಪು ಕೊಟ್ಟಳು. ಹಳೆಯದನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ, ಕೊಡುತ್ತೇನೆಂದು ಮಾತು ಕೊಟ್ಟಿದ್ದೆ ಅಷ್ಟೆ. ಮಗಳಿಗೆ ಫೋನು ಮಾಡಿದೆ. ಅವಳು ನನ್ನ ಮಾತನ್ನು ಪೂರ್ತಿ ಕೇಳುವ ಮೊದಲೇ, “ರೀಸ್ಟಾರ್ಟ್ ಮಾಡಿದ್ಯಾ ಅಪ್ಪಾ?” ಎಂದಳು. ಮಾಡಿದ್ದೇನೆ ಎಂದೆ. “ಸ್ಕ್ರೀನ್ ಆಫ್ ಮಾಡಿ ಆನ್ ಮಾಡೋದು ರೀಸ್ಟಾರ್ಟ್ ಅಲ್ಲ” ಎಂದಳು. ಮಕ್ಕಳಿಗೆ ಹೆತ್ತವರ ಬಗ್ಗೆ ಇಷ್ಟೊಂದು ನಿಖರವಾದ ತಿಳಿವಳಿಕೆ ಇರಬಾರದು.

ಮೂರು ಕೀಲಿಗಳನ್ನು ಒಟ್ಟಿಗೆ ಒತ್ತುವ ವಿದ್ಯೆಯನ್ನು ಅವಳೇ ನೆನಪಿಸಿದಳು. ಕಂಟ್ರೋಲ್, ಆಲ್ಟ್, ಡಿಲೀಟ್. ಇದನ್ನು ರೂಪಿಸಿದವರು ಐಬಿಎಂ ಕಂಪನಿಯ ಎಂಜಿನಿಯರ್ ಡೇವಿಡ್ ಬ್ರಾಡ್ಲಿ, 1981ರಲ್ಲಿ ಬಂದ ಪರ್ಸನಲ್ ಕಂಪ್ಯೂಟರಿನ ತಯಾರಿಯ ಕಾಲದಲ್ಲಿ. ಯಂತ್ರವನ್ನು ಪದೇ ಪದೇ ಹೊಸದಾಗಿ ಶುರುಮಾಡಬೇಕಾಗಿದ್ದ ತಮ್ಮ ತಂಡದವರ ಅನುಕೂಲಕ್ಕೆಂದು ಮಾಡಿದ ಏರ್ಪಾಟು ಅದು. ಮೊದಲು ಡಿಲೀಟ್ ಬದಲು ಎಸ್ಕೇಪ್ ಕೀಲಿ ಇತ್ತಂತೆ. ಆಗ ಮೂರೂ ಒಂದೇ ಕೈಗೆ ಎಟುಕುತ್ತಿದ್ದುದರಿಂದ, ಅಪ್ಪಿತಪ್ಪಿ ತಗುಲಿ ಕೆಲಸವೆಲ್ಲ ಹಾಳಾದೀತೆಂದು, ಎರಡು ಕೈಯನ್ನೂ ಬಳಸಲೇಬೇಕಾದ ಹಾಗೆ ಬದಲಾಯಿಸಿದರು. ನಾಲ್ಕು ದಶಕ ಕಳೆದರೂ ಕಂಪ್ಯೂಟರಿನ ಮುಂದೆ ನಾವು ಎರಡೂ ಕೈ ಸೇರಿಸಿ ಮೊರೆಯಿಡುವುದು ತಪ್ಪಿಲ್ಲ.

ಆ ಕೀಲಿಗಳನ್ನೊತ್ತಿ, ನಡೆಯುತ್ತಿರುವ ತಂತ್ರಾಂಶಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ನನ್ನ ಒಂದು ಬ್ರೌಸರಿನ ಹೆಸರು ಹತ್ತಿಪ್ಪತ್ತು ಸಾಲುಗಳಲ್ಲಿ ಹರಡಿಕೊಂಡಿತ್ತು. ವೈರಸ್ಸೇ ಹೊಕ್ಕಿತೆಂದು ಎದೆ ಧಸಕ್ಕೆಂದಿತು. ಅದು ಇರುವುದೇ ಹಾಗೆ ಎಂದಳು ಮಗಳು. 2008ರಲ್ಲಿ ಕ್ರೋಮ್ ಬಂದಾಗ ಪ್ರತಿ ಟ್ಯಾಬನ್ನೂ ಬೇರೆ ಬೇರೆ ಪ್ರಕ್ರಿಯೆಯಾಗಿ ನಡೆಸುವ ಪದ್ಧತಿಯನ್ನು ದೊಡ್ಡದಾಗಿ ಸಾರಲಾಗಿತ್ತು, ಈಗ ಹೆಚ್ಚುಕಡಿಮೆ ಎಲ್ಲ ಬ್ರೌಸರುಗಳೂ ಅದೇ ಹಾದಿಯಲ್ಲಿವೆ. ಒಂದು ಪುಟ ಕೆಟ್ಟರೆ ಅದೊಂದೇ ಸಾಯಲಿ, ಉಳಿದವು ಬದುಕಲಿ ಎಂಬುದು ಅದರ ಉದ್ದೇಶ. ಕೂಡುಕುಟುಂಬ ಒಡೆದು ಬೇರೆ ಬೇರೆ ಒಲೆ ಹೂಡಿದ ಹಾಗೆ. ಆದರೆ ಒಲೆ ಬೇರೆಯಾದರೂ ಹಿತ್ತಲಿನ ಬಾವಿ ಒಂದೇ ಇರುತ್ತದೆ ನೋಡಿ. ಎಲ್ಲ ಟ್ಯಾಬುಗಳ ಚಿತ್ರವನ್ನೂ ಪರದೆಗೆ ಬಿಡಿಸಿಕೊಡುವ ಕೆಲಸ ಒಂದೇ ಪ್ರಕ್ರಿಯೆಯ ಪಾಲಿನದು. ಅದು ಕೈಕೊಟ್ಟರೆ ಇಡೀ ವಠಾರವೇ ಬಾಯಾರಿ ಕೂರಬೇಕು.

‘ಎಂಡ್ ಟಾಸ್ಕ್’ ಒತ್ತಿ ಕೊಂದೆ. ಮತ್ತೆ ತೆರೆದಾಗ ಬ್ರೌಸರ್ ನನ್ನನ್ನೇ ಆಪಾದಿಸಿತು: ಕಳೆದ ಸಲ ಸರಿಯಾಗಿ ಮುಚ್ಚಲಿಲ್ಲ, ಹಿಂದಿನ ಪುಟಗಳನ್ನು ಮರಳಿ ತರಲೇ? ಸರಿಯಾಗಿ ಮುಚ್ಚಲು ಅದು ಅವಕಾಶ ಕೊಟ್ಟಿದ್ದಾದರೂ ಯಾವಾಗ ಎಂದು ಕೇಳಲು ಅಲ್ಲಿ ಜಾಗವಿರಲಿಲ್ಲ. ಇದ್ದದ್ದು ‘ಮರಳಿ ತನ್ನಿ’ ಎಂಬ ಗುಂಡಿಯೊಂದೇ. ಆಸೆಬುರುಕನಾದ ನಾನು ಅದನ್ನು ಒತ್ತಿದೆ. ನಲವತ್ತಮೂರು ಟ್ಯಾಬುಗಳೂ ಒಟ್ಟಿಗೆ ನುಗ್ಗಿ ಬಂದವು, ಅವುಗಳೊಂದಿಗೆ ಉಂಗುರವೂ ಬಂತು. ಈ ಕೊಲ್ಲುವುದು ಬದುಕಿಸುವುದು ಆ ಮಧ್ಯಾಹ್ನ ಐದಾರು ಸಲ ನಡೆಯಿತೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಸಹಾಯವಾಣಿಗೆ ಕರೆ ಮಾಡಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ನಡೆದದ್ದೂ ಅಷ್ಟೇ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಮಧುರ ಕಂಠವೊಂದು, ಇಂಥ ತೊಂದರೆಗಳ ಪರಿಹಾರಕ್ಕೆ ದಯವಿಟ್ಟು ನಮ್ಮ ಜಾಲತಾಣವನ್ನು ನೋಡಿ ಎಂದಿತು.

ನೋಡಿದೆ, ಮೊಬೈಲಿನಲ್ಲಿ. ಎಡಗೈಯಲ್ಲಿ ಮೊಬೈಲು ಹಿಡಿದು, ಇರುವೆ ಸಾಲಿನಂಥ ಅಕ್ಷರಗಳನ್ನು ಕನ್ನಡಕ ಏರಿಸಿ ಇಳಿಸಿ ಓದುತ್ತಾ, ಬಲಗೈಯಲ್ಲಿ ಕಂಪ್ಯೂಟರಿಗೆ ಚಿಕಿತ್ಸೆ ಮಾಡತೊಡಗಿದೆ. ಮೊದಲ ಅನುಮಾನ ಎಕ್ಸ್‌ಟೆನ್ಷನ್‌ಗಳ, ಅಂದರೆ ಬ್ರೌಸರಿಗೆ ನಾವು ಅಂಟಿಸಿಕೊಳ್ಳುವ ಪುಟ್ಟ ಉಪತಂತ್ರಾಂಶಗಳ ಮೇಲೆ. ಹೊಸ ಯಂತ್ರದಲ್ಲಿ ಅವು ಎಲ್ಲಿಂದ ಬಂದವು ಎಂದರೆ, ನಾನು ಲಾಗಿನ್ ಆದ ಕೂಡಲೇ ಹಳೆಯ ಕಂಪ್ಯೂಟರಿನ ಬುಕ್‌ಮಾರ್ಕು, ಪಾಸ್‌ವರ್ಡುಗಳ ಜೊತೆ ಅವೂ ಸಿಂಕ್ ಆಗಿ ಹಿಂಬಾಲಿಸಿದ್ದವು. ಮನೆ ಬದಲಾಯಿಸಿದರೂ ಗಂಟುಮೂಟೆಯ ಸಂದಿಯಲ್ಲಿ ಜಿರಳೆ ಬರುವ ಹಾಗೆ. ಹನ್ನೊಂದಿದ್ದವು. ಅವುಗಳಲ್ಲಿ ಮೂರು, ಬ್ರೌಸರನ್ನು ವೇಗಗೊಳಿಸುತ್ತೇವೆಂದು ಪ್ರಮಾಣ ಮಾಡಿ ಸೇರಿಕೊಂಡವು. ಎಲ್ಲವನ್ನೂ ವಜಾ ಮಾಡಿದೆ. ಪ್ರೈವೇಟ್ ವಿಂಡೋ ತೆರೆದರೆ ಅಲ್ಲಿ ನಾವು ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಷನ್‌ಗಳು ನಡೆಯುವುದಿಲ್ಲ, ಆದ್ದರಿಂದ ಮೊದಲು ಅಲ್ಲಿ ಪರೀಕ್ಷಿಸಿ ಎಂಬ ಸಾಲು ಕಣ್ಣಿಗೆ ಬಿದ್ದದ್ದು ಅವರನ್ನೆಲ್ಲ ಕಳಿಸಿದ ಮೇಲೆ. ಪರೀಕ್ಷಿಸಿದೆ. ಅಲ್ಲಿಯೂ ಹ್ಯಾಂಗ್ ಆಯಿತು. ಹನ್ನೊಂದೂ ನಿರಪರಾಧಿಗಳು. ಆದರೂ ಆ ಮೂವರನ್ನು ಮಾತ್ರ ಮರಳಿ ಕರೆಸಿಕೊಳ್ಳಲಿಲ್ಲ.

ಮುಂದಿನ ಅನುಮಾನ ಆಂಟಿವೈರಸ್ ಮೇಲೆ. ಯಂತ್ರದ ಜೊತೆಗೇ ಉಚಿತವಾಗಿ ಬಂದದ್ದು ಒಂದು, ನಾನು ಭಕ್ತಿಯಿಂದ ಹಾಕಿಸಿದ್ದು ಇನ್ನೊಂದು. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು ನಿಂತರೆ ಕಳ್ಳನಿಗಿಂತ ಮೊದಲು ಅವರೇ ಒಬ್ಬರ ಜೇಬನ್ನು ಇನ್ನೊಬ್ಬರು ತಪಾಸಣೆ ಮಾಡುತ್ತಾರೆ. ಒಂದನ್ನು ತೆಗೆದೆ. ಕಂಪ್ಯೂಟರಿನ ಫ್ಯಾನಿನ ಸದ್ದು ಕಡಿಮೆಯಾಯಿತು, ಬ್ರೌಸರ್ ಮಾತ್ರ ತನ್ನ ವ್ರತ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಸಿಕ್ಕಿದ್ದು ‘ಹಾರ್ಡ್‌ವೇರ್ ಆಕ್ಸಿಲರೇಷನ್’ ಎಂಬ ಹೆಸರು. ಪುಟಗಳನ್ನೂ ವಿಡಿಯೊಗಳನ್ನೂ ಪರದೆಯ ಮೇಲೆ ಬಿಡಿಸುವ ಶ್ರಮವನ್ನು ಮುಖ್ಯ ಪ್ರೊಸೆಸರಿನ ತಲೆಯಿಂದ ಇಳಿಸಿ ಗ್ರಾಫಿಕ್ಸ್ ಚಿಪ್ಪಿಗೆ ವಹಿಸುವ ಏರ್ಪಾಟು ಅದು. ಹೆಸರೇ ಹೇಳುವಂತೆ ವೇಗಕ್ಕೆಂದೇ ಇರುವುದು. ಆ ಚಿಪ್ಪಿಗೂ ಉಳಿದ ವ್ಯವಸ್ಥೆಗೂ ನಡುವೆ ದುಭಾಷಿಯಾಗಿ ಡ್ರೈವರ್ ಎಂಬ ತಂತ್ರಾಂಶವಿರುತ್ತದೆ. ನನ್ನ ಯಂತ್ರದಲ್ಲಿ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಒಂದು, ಪ್ರತ್ಯೇಕವಾದದ್ದು ಇನ್ನೊಂದು. ದುಭಾಷಿಯೋ ಯಂತ್ರವು ಪೆಟ್ಟಿಗೆಯೊಳಗೆ ಕೂತು ಗಿರಾಕಿಗಾಗಿ ಕಾಯುತ್ತಿದ್ದ ತಿಂಗಳುಗಳಲ್ಲಿ ಹಳಬನಾಗಿದ್ದ, ಅದೇ ಅವಧಿಯಲ್ಲಿ ಬ್ರೌಸರ್ ಮಾತ್ರ ಹೊಸ ಹೊಸ ಆವೃತ್ತಿಗಳನ್ನು ಕಂಡಿತ್ತು. ಯಂತ್ರ ಹೊಸದೆಂದು ನಾನು ನಂಬಿದ್ದೆ. ಅದರೊಳಗಿದ್ದ ತಂತ್ರಾಂಶಕ್ಕೆ ನನ್ನ ಮನೆಗೆ ಬರುವ ಮೊದಲೇ ವಯಸ್ಸಾಗಿತ್ತು.

ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ವಿಭಾಗದಲ್ಲಿ ಒಂದು ಪುಟ್ಟ ಸ್ವಿಚ್ಚು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಅದನ್ನು ಆರಿಸಿ, ಬ್ರೌಸರನ್ನು ಮುಚ್ಚಿ ತೆರೆದೆ, ಈ ಸಲ ಸರಿಯಾಗಿಯೇ ಮುಚ್ಚಿ. ನಲವತ್ತಮೂರು ಟ್ಯಾಬುಗಳೂ ಬಂದವು. ಉಂಗುರ ಬರಲಿಲ್ಲ. ನಂಬಿಕೆ ಬಾರದೆ ಹತ್ತು ನಿಮಿಷ ಸುಮ್ಮನೆ ಪುಟವನ್ನು ಮೇಲೆ ಕೆಳಗೆ ಆಡಿಸುತ್ತಾ ಕುಳಿತೆ. ವೇಗ ಹೆಚ್ಚಿಸುವ ಏರ್ಪಾಟನ್ನು ತೆಗೆದ ಮೇಲೆ ವೇಗ ಬಂತು ಎಂದು ಮಗಳಿಗೆ ತಿಳಿಸಿದಾಗ ಅವಳು, “ಡ್ರೈವರ್ ಅಪ್‌ಡೇಟ್ ಮಾಡಿ ಅದನ್ನ ವಾಪಸ್ ಆನ್ ಮಾಡು ಅಪ್ಪಾ, ಇಲ್ದಿದ್ರೆ ಬ್ಯಾಟರಿ ಬೇಗ ಖಾಲಿ ಆಗತ್ತೆ” ಎಂದಳು. ಡ್ರೈವರನ್ನು ಅಪ್‌ಡೇಟ್ ಮಾಡಿದ್ದೇನೆ. ಸ್ವಿಚ್ಚನ್ನು ಮುಟ್ಟುವ ಧೈರ್ಯ ಬರಲು ಮೂರು ವಾರ ಬೇಕಾಯಿತು.

ಈ ನಡುವೆ ನನ್ನ ಅಂಚೆಪೆಟ್ಟಿಗೆಗೆ ಆ ಅರ್ಜಿಯ ಕಚೇರಿಯಿಂದ ಒಂದು ಇಮೇಲ್ ಬಂದಿತ್ತು. ಒಂದೇ ವಿಷಯದ ಬಗ್ಗೆ, ಒಂದೇ ನಿಮಿಷದಲ್ಲಿ ತಮ್ಮಿಂದ ಏಳು ಅರ್ಜಿಗಳು ಬಂದಿರುತ್ತವೆ. ತಮ್ಮ ಅಪಾರ ಆಸಕ್ತಿಗೆ ಧನ್ಯವಾದಗಳು. ಇವುಗಳಲ್ಲಿ ಯಾವುದನ್ನು ಪರಿಗಣಿಸಬೇಕೆಂದು ಕೆಳಗಿನ ನಮೂನೆಯಲ್ಲಿ ತಿಳಿಸತಕ್ಕದ್ದು. ಏಳೂ ಅರ್ಜಿಗಳ ಪ್ರತಿಯನ್ನು ಲಗತ್ತಿಸಿದ್ದರು. ಒಂದರಲ್ಲಿಯೂ ಊರಿನ ಹೆಸರು ಇರಲಿಲ್ಲ.

ನಮೂನೆಯನ್ನು ತೆರೆದು, ಊರನ್ನು ಎರಡು ಸಲ ಓದಿ ನೋಡಿ, ‘ಸಲ್ಲಿಸಿ’ ಎಂಬುದನ್ನು ಒಂದೇ ಸಲ ಒತ್ತಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತೆ.