ಮೂರು ವಾರಕ್ಕಾದರೆ ಹೋಗಬೇಡಿ

ಹಾಸನದಲ್ಲಿ ಬಿ.ಎಡ್ ಓದುತ್ತಿರುವ ಹುಡುಗಿಯೊಬ್ಬಳು ಮೆಸೇಜ್ ಹಾಕಿದ್ದಳು. "ಅಕ್ಕಾ, ಕಾಂಬೋಡಿಯಾದಲ್ಲಿ ಮೂರು ವಾರ ವಾಲಂಟಿಯರ್ ಆಗಿ ಇಂಗ್ಲಿಷ್ ಕಲಿಸುವ ಪ್ರೋಗ್ರಾಂ ಇದೆಯಂತೆ. ಫೀಸು ನಾವೇ ಕಟ್ಟಬೇಕು, ಸರ್ಟಿಫಿಕೇಟ್ ಕೊಡ್ತಾರಂತೆ. ನೀವು ಅಲ್ಲಿ ಇದ್ದು ಬಂದವರಲ್ವಾ, ಹೋಗಲಾ?" ಇಂಥ ಪ್ರಶ್ನೆ ಆಗಾಗ ಬರುತ್ತಿರುತ್ತದೆ. ಒಬ್ಬೊಬ್ಬರಿಗೇ ಉತ್ತರ ಕೊಡುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ನನ್ನ ಉತ್ತರ ಇಷ್ಟೇ. ಒಂದು ವರ್ಷಕ್ಕೆ ಹೋಗುವುದಾದರೆ ಕಣ್ಣು ಮುಚ್ಚಿಕೊಂಡು ಹೊರಡಿ. ಮೂರು ವಾರಕ್ಕಾದರೆ ಬೇಡ. ಹೊಸ ಊರಿಗೆ ಒಗ್ಗಿಕೊಳ್ಳುವುದೇ ಆ ಕೆಲಸದ ಅರ್ಧ ಭಾಗ. ಅದು ಶುರುವಾಗುವ ಹೊತ್ತಿಗೆ ಮೂರು ವಾರದವರು ವಾಪಸ್ ಬಂದು ಫೋಟೋ ಹಾಕಿ, ಲೈಕ್ ಎಣಿಸುತ್ತಿರುತ್ತಾರೆ.

ನಾನು ಇದ್ದದ್ದು ಕಂಪೋಟ್ ಎಂಬ ಕಡೆ. ಕಾಂಬೋಡಿಯಾದ ದಕ್ಷಿಣ ತುದಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೊಕೋರ್ ಬೆಟ್ಟ. ಮೂಡಿಗೆರೆ ಕಡೆಯವಳಾದ ನನಗೆ ಆ ಊರೇ ಸಿಕ್ಕಿದ್ದು ಅದೃಷ್ಟ. ಯಾಕಂದ್ರೆ ಅದು ಕಾಳುಮೆಣಸಿನ ಸೀಮೆ. ಕಂಪೋಟ್ ಮೆಣಸಿಗೆ 2010ರಲ್ಲಿ ಅಲ್ಲಿನ ಸರ್ಕಾರ ಜಿಐ ಮಾನ್ಯತೆ (ಆ ಸೀಮೆಯದ್ದೇ ಬೆಳೆ ಅನ್ನುವ ಗುರುತು) ಕೊಟ್ಟಿತು, 2016ರಲ್ಲಿ ಯುರೋಪಿಯನ್ ಯೂನಿಯನ್ ಕೂಡ ಒಪ್ಪಿತು. ನಮ್ಮಲ್ಲಿ ಕಾಫಿ ತೋಟದ ಸಿಲ್ವರ್ ಓಕಿಗೋ ಹಾಲುವಾಣಕ್ಕೋ ಬಳ್ಳಿ ಹಬ್ಬಿಸಿ ಬಿಡುತ್ತೇವೆ. ಅಲ್ಲಿ ಸಾಲಾಗಿ ಕಂಬ ನೆಟ್ಟು ಹಬ್ಬಿಸುತ್ತಾರೆ. ಪಕ್ಕದ ಮನೆಯ ಅಜ್ಜಿಗೂ ನನಗೂ ಒಂದೇ ಒಂದು ಮಾತು ಅರ್ಥವಾಗದ ದಿನಗಳಲ್ಲಿ ನಮ್ಮಿಬ್ಬರ ನಡುವೆ ಇದ್ದದ್ದು ಈ ಮೆಣಸೇ. ಒಂದು ದಿನ ಹಳದಿಯಾಗಿ ಜೋತುಬಿದ್ದ ಬಳ್ಳಿಯ ಬುಡ ಕೆದಕಿ ತೋರಿಸಿದರು. ಕೊಳೆತಿತ್ತು. ಸೊರಗು ರೋಗ! ನಾನು "ಅಯ್ಯೋ" ಅಂದೆ. ಅವರೂ ಅಂಥದ್ದೇ ಏನೋ ಅಂದರು. ಮಾರನೇ ದಿನದಿಂದ ನನಗೆ ಅವರ ಮನೆಯ ಅಡುಗೆಮನೆವರೆಗೂ ಪ್ರವೇಶ.

ಮೊದಮೊದಲು ತಲೆ ಕೆಟ್ಟಿದ್ದು ದುಡ್ಡಿನ ವಿಷಯಕ್ಕೆ. ಅಲ್ಲಿ ಅಮೆರಿಕದ ಡಾಲರು, ಅವರ ರಿಯಲ್ಲು ಎರಡೂ ನಡೆಯುತ್ತವೆ. ಒಂದು ಡಾಲರಿಗೆ ಹತ್ತಿರ ಹತ್ತಿರ 4000 ರಿಯಲ್. ಡಾಲರ್ ಕೊಟ್ಟರೆ ಚಿಲ್ಲರೆ ರಿಯಲ್‌ನಲ್ಲಿ ಬರುತ್ತದೆ. ಡಾಲರ್ ನೋಟಿನ ಅಂಚು ಕೂದಲೆಳೆಯಷ್ಟು ಹರಿದಿದ್ದರೂ ಮುಟ್ಟುವುದಿಲ್ಲ. ರಿಯಲ್ ನೋಟು ಚಿಂದಿಯಾಗಿದ್ದರೂ ತಕರಾರಿಲ್ಲ. ಇದರ ಮೇಲೆ ಅವರ ಎಣಿಕೆ ಬೇರೆ. ಆರಕ್ಕೆ ಐದು-ಒಂದು, ಏಳಕ್ಕೆ ಐದು-ಎರಡು ಅನ್ನುತ್ತಾರೆ. ಬದನೆಕಾಯಿ ತರಲು ಹೋದವಳು ಅಂಗಡಿ ಮುಂದೆ ನಿಂತು ಕೂಡುವ ಲೆಕ್ಕ ಮಾಡಬೇಕು.

ಊಟಕ್ಕೆ ಅಂಥ ಕಷ್ಟವಿಲ್ಲ. ಅನ್ನದ ದೇಶ. ಅಕ್ಕಿಹಿಟ್ಟು ಸಿಗುತ್ತದೆ, ರೊಟ್ಟಿ ತಟ್ಟಿಕೊಂಡೆ. ಆದರೆ ಪಲ್ಯಕ್ಕೂ ಮೀನಿನ ಸಾಸು ಬೀಳುತ್ತದೆ. ಶುದ್ಧ ಸಸ್ಯಾಹಾರಿಗಳು ಸ್ವಂತ ಒಲೆ ಇರುವ ಮನೆಯನ್ನೇ ಹುಡುಕಿಕೊಳ್ಳಿ.

ಊರಿನ ನೆನಪು ಜೋರಾಗಿ ಬಂದದ್ದು ಭಾದ್ರಪದದಲ್ಲಿ. ನಾವು ಪಿತೃಪಕ್ಷ ಮಾಡುವ ಅದೇ ಹದಿನೈದು ದಿನ ಅವರಿಗೂ ಹಿರಿಯರ ಹಬ್ಬ. ಪ್ಚುಮ್ ಬೆನ್ ಅಂತಾರೆ. ಬೆಳಗಿನ ಜಾವ ನಾಲ್ಕು ಗಂಟೆಗೇ ಪಗೋಡಕ್ಕೆ ಹೋಗಿ, ಅದರ ಸುತ್ತ ಕತ್ತಲಲ್ಲಿ ಅನ್ನದ ಉಂಡೆ ಎಸೆಯುತ್ತಾರೆ. ಹಸಿದ ಹಿರಿಯರು ಬಂದು ತಿನ್ನಲಿ ಅಂತ. ಅಮ್ಮನಿಗೆ ಫೋನಲ್ಲಿ ಹೇಳಿದರೆ, "ಹಂಗಾದ್ರೆ ನಿಮ್ಮಜ್ಜಂಗೂ ಒಂದು ಉಂಡೆ ಹಾಕಿ ಬಾರೇ, ಇಲ್ಲಿ ಎಡೆ ಇಟ್ಟಿದ್ದು ಅವರಿಗೆ ಯಾವತ್ತೂ ಸಾಕಾಗಲ್ಲ" ಅಂದರು. ಹಾಕಿ ಬಂದೆ. ಮದುವೆ ಮನೆಗೆ ಹೋದರೂ ಅಷ್ಟೇ. ರಸ್ತೆಗೇ ಶಾಮಿಯಾನ, ಬೆಳಗಾಗುವ ಮುಂಚೆಯೇ ಮೈಕು, ಕವರಲ್ಲಿ ದುಡ್ಡು ಹಾಕಿ ಹೆಸರು ಬರೆದು ಕೊಡುವುದು. ಮುಯ್ಯಿ ಬರೆಸುವ ಊರಿಂದ ಹೋದವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಈಗ ಶಾಲೆಯ ವಿಷಯ. ನಾನು ಬಂದಿದ್ದೇನೆ ಅಂತ ಗೊತ್ತಾದ ಮೇಲೂ ಕೆಲವು ತಂದೆತಾಯಿ "ಫಾರಿನ್ ಟೀಚರ್ ಯಾವಾಗ ಬರ್ತಾರೆ?" ಅಂತ ಕೇಳುತ್ತಿದ್ದರು. ಬಿಳಿ ಮುಖ ಕಾಯುತ್ತಿದ್ದರು ಪಾಪ. ಅವರನ್ನು ಬೈದು ಪ್ರಯೋಜನವಿಲ್ಲ. ದೊಡ್ಡ ದೊಡ್ಡ ಸರ್ಕಾರಗಳದ್ದೂ ಇದೇ ಯೋಚನೆ. ದಕ್ಷಿಣ ಕೊರಿಯಾದ ಇಂಗ್ಲಿಷ್ ಟೀಚರ್ ವೀಸಾ ಮುಖ್ಯವಾಗಿ ಏಳು ದೇಶದವರಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡಿದವರಿಗೆ ಅದನ್ನು ಕಲಿಸಲೂ ಬರುತ್ತದೆ ಅನ್ನುವ ನಂಬಿಕೆ. ನನಗಂತೂ ಇದು ಒಪ್ಪಿಗೆಯಿಲ್ಲ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಗೆ ಇಂಗ್ಲಿಷ್ ಬಂದದ್ದು 2007-08ರಲ್ಲಿ. ನಮ್ಮ ಕಾಲದವರು ಎಬಿಸಿಡಿ ಬರೆದದ್ದು ಐದನೇ ಕ್ಲಾಸಿನಲ್ಲಿ. "ಐ ಮ್ಯಾಂಗೋ ಈಟ್" ಅಂತ ಬರೆದು ಸ್ಕೇಲಿನಲ್ಲಿ ಏಟು ತಿಂದವರು ನಾವು. ಕ್ರಿಯಾಪದ ಕೊನೆಗೆ ಬರಬೇಕು ಅಂತ ನಮ್ಮ ನಾಲಿಗೆ ಹಟ ಮಾಡುತ್ತದೆ. ಕಾಂಬೋಡಿಯಾದ ಖಮೇರ್ ಭಾಷೆಯ ಮಕ್ಕಳಿಗೆ ಈ ತೊಂದರೆ ಇಲ್ಲವೇ ಇಲ್ಲ. ಅವರ ವಾಕ್ಯದ ಜೋಡಣೆ ಇಂಗ್ಲಿಷಿನದ್ದೇ: ನಾನು, ತಿನ್ನು, ಅನ್ನ. ಆದರೆ ಅವರ ಕ್ರಿಯಾಪದ ಯಾವ ಕಾಲಕ್ಕೂ ರೂಪ ಬದಲಿಸುವುದಿಲ್ಲ. ಅದಕ್ಕೇ "ಯೆಸ್ಟರ್‌ಡೇ ಐ ಗೋ ಮಾರ್ಕೆಟ್". ಹೋದೆ, ಹೋಗುತ್ತೇನೆ ಅಂತ ದಿನವಿಡೀ ಬದಲಿಸುವ ನಮಗೆ ಸಲೀಸಾದದ್ದು ಅವರಿಗೆ ಬೆಟ್ಟ.

ಇನ್ನು ಉಚ್ಚಾರಣೆ. ನಮ್ಮ ಮಕ್ಕಳು ಪದದ ಕೊನೆಗೆ ಒಂದು ಉಕಾರ ಅಂಟಿಸುತ್ತಾರೆ. ಬಸ್ಸು, ಪೆನ್ನು, ಬುಕ್ಕು. ಅಲ್ಲಿ ಉಲ್ಟಾ. ಕೊನೆಯ ಅಕ್ಷರವನ್ನೇ ನುಂಗಿಬಿಡುತ್ತಾರೆ. ರೈಸ್, ರೈಟ್, ರೈಡ್ ಎಲ್ಲವೂ "ರೈ". ಮೊದಮೊದಲು ನಾನು ಜೋರಾಗಿ ಹೇಳುತ್ತಿದ್ದೆ, ಅವರೂ ಜೋರಾಗಿ "ರೈ" ಅನ್ನುತ್ತಿದ್ದರು. ಕಾರಣ ತಿಳಿದದ್ದು ಅವರ ಅಕ್ಷರ ಕಲಿಯಲು ಕೂತ ಮೇಲೆ. ಲಿಪಿ ಪಲ್ಲವರ ಲಿಪಿಯಿಂದ ಬಂದದ್ದು. ಅಕ್ಷರಮಾಲೆ ನಮ್ಮ ಕ ಖ ಗ ಘ ಙ ಕ್ರಮದಲ್ಲೇ ಇದೆ. ಒತ್ತಕ್ಷರವೂ ನಮ್ಮ ಥರ ಕೆಳಗೇ ಕೂರುತ್ತದೆ. ಕಲಿಸುತ್ತಿದ್ದವರು ನನ್ನ ಜೊತೆಗಿದ್ದ ಅಲ್ಲಿನ ಟೀಚರ್. ಅವರು ಪದದ ಕೊನೆಯಲ್ಲಿ ಸ ಬರೆದು, ಓದುವಾಗ ಬರೀ ಹ ಥರ ಉಸಿರು ಬಿಟ್ಟರು. ಕೊನೆಯ ಟ, ತ, ಪಗಳನ್ನು ನಾಲಿಗೆ ತಾಗಿಸಿ, ತುಟಿ ಮುಚ್ಚಿ ಅಲ್ಲೇ ನಿಲ್ಲಿಸಿದರು. ಅಂದರೆ ಮಕ್ಕಳು ತಪ್ಪು ಮಾಡುತ್ತಿರಲಿಲ್ಲ, ಅವರ ಭಾಷೆಯ ಕಾಯಿದೆ ಪಾಲಿಸುತ್ತಿದ್ದರು. ಆಮೇಲೆ ನಾವಿಬ್ಬರೂ ಒಂದು ಆಟ ಮಾಡಿದೆವು. ತೆಳು ಹಾಳೆಯ ಪಟ್ಟಿಯನ್ನು ಬಾಯಿ ಮುಂದೆ ಹಿಡಿದು "ರೈಟ್" ಅನ್ನಬೇಕು. ಕೊನೆಯ ಟ್‌ಗೆ ಹಾಳೆ ಅಲುಗಿದರೆ ಗೆದ್ದ ಹಾಗೆ. ಒಬ್ಬ ಹುಡುಗ ಎಷ್ಟು ಜೋರಾಗಿ ಊದಿದ ಅಂದರೆ ಹಾಳೆ ಕೈಬಿಟ್ಟು ಮುಂದಿನ ಬೆಂಚಿನ ಹುಡುಗಿಯ ಜಡೆಗೆ ಸಿಕ್ಕಿಕೊಂಡಿತು. ಕ್ಲಾಸು ಆವತ್ತಿಗೆ ಅಲ್ಲಿಗೇ ಮುಗಿಯಿತು ಅನ್ನಿ.

ಇದೆಲ್ಲ ಮೂರು ವಾರದಲ್ಲಿ ಆಗುವ ಕೆಲಸವಾ? ಆ ಟೀಚರಿಗೆ ನನ್ನ ಮೇಲೆ ಸಲುಗೆ ಬಂದದ್ದೇ ಎಷ್ಟೋ ದಿನದ ಮೇಲೆ.

ಇನ್ನೊಂದು ವಿಷಯ ಯಾವ ಏಜೆನ್ಸಿಯೂ ನಿಮಗೆ ಹೇಳುವುದಿಲ್ಲ. ಅಲ್ಲಿನ ಸರ್ಕಾರಿ ಶಾಲೆಗಳು ಹೆಚ್ಚಾಗಿ ಅರ್ಧ ದಿನದ ಪಾಳಿಯಲ್ಲಿ ನಡೆಯುತ್ತವೆ. ಸಂಬಳ ಸಾಲದ ಮೇಷ್ಟರುಗಳು ಉಳಿದ ಹೊತ್ತಲ್ಲಿ ಅದೇ ಮಕ್ಕಳಿಗೆ ದುಡ್ಡು ತಗೊಂಡು ಟ್ಯೂಷನ್ ಹೇಳುತ್ತಾರೆ. ಸರಿಯೋ ತಪ್ಪೋ ಆ ಚರ್ಚೆ ಬೇರೆ. ಎಷ್ಟೋ ಮೇಷ್ಟರ ಮನೆ ನಡೆಯುವುದೇ ಅದರಿಂದ. ನಾನಿದ್ದಾಗ ಒಬ್ಬ ಹೊಸ ವಾಲಂಟಿಯರ್ ಬಂದ. ಒಳ್ಳೆ ಹುಡುಗ, ತುಂಬ ಹುರುಪು. ಬಂದ ವಾರವೇ ಸಂಜೆ ಫ್ರೀ ಇಂಗ್ಲಿಷ್ ಕ್ಲಾಸ್ ಅಂತ ಬೋರ್ಡು ಹಾಕಿದ. ಮಕ್ಕಳೆಲ್ಲ ಅಲ್ಲಿಗೆ. ಊರಿನ ಇಂಗ್ಲಿಷ್ ಮೇಷ್ಟರ ಟ್ಯೂಷನ್ ಖಾಲಿ. ತಿಂಗಳಾಗುವ ಮುಂಚೆ ಹುಡುಗ ವಾಪಸ್ ಹೋದ. ಮೇಷ್ಟರು ಪುನಃ ಟ್ಯೂಷನ್ ಶುರು ಮಾಡಿದಾಗ ಅರ್ಧ ಮಕ್ಕಳು ಬರಲಿಲ್ಲ. ಮುಂದಿನ ಫಾರಿನರ್ ಬರುತ್ತಾನೆ, ಪುಕ್ಕಟೆ ಹೇಳಿಕೊಡುತ್ತಾನೆ ಅಂತ ಕಾಯುತ್ತಿದ್ದರು. ಆ ಹುಡುಗನಿಗೆ ಇದು ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಆ ದೇಶದ ಮೇಷ್ಟರುಗಳ ಕಥೆ ಗೊತ್ತಿದ್ದರೆ ಇದು ಇನ್ನೂ ಬೇಜಾರು. 1975ರಿಂದ 1979ರವರೆಗೆ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯಲ್ಲಿ ಶಾಲೆಗಳನ್ನು ಮುಚ್ಚಿದರು. ಓದಿದವರನ್ನು, ಪಾಠ ಹೇಳುವವರನ್ನು ಹುಡುಕಿ ಕೊಂದರು. ಆಮೇಲೆ ನಾಲ್ಕಕ್ಷರ ಬಲ್ಲವರನ್ನೆಲ್ಲ ಕರೆತಂದು ಮೇಷ್ಟರು ಮಾಡಿ ಶಾಲೆ ಕಟ್ಟಿದರು. 1980ರ ದಶಕದಲ್ಲಿ ಶಾಲೆಗಳಲ್ಲಿ ವಿಯೆಟ್ನಾಮಿ, ರಷ್ಯನ್ ಕಲಿಸುತ್ತಿದ್ದರು, ಇಂಗ್ಲಿಷ್ ಕದ್ದು ಕಲಿಯಬೇಕಿತ್ತು. ಹಾಗೆ ಕಲಿತವರ ಶಿಷ್ಯರು ಇವತ್ತು ಅಲ್ಲಿ ಇಂಗ್ಲಿಷ್ ಮೇಷ್ಟರು. ಅವರ ಪಕ್ಕದಲ್ಲಿ ನಿಂತು ಕೆಲಸ ಮಾಡಬೇಕೇ ಹೊರತು ಅವರನ್ನು ಪಕ್ಕಕ್ಕೆ ಸರಿಸಿ ಅಲ್ಲ.

ಅನಾಥಾಲಯದಲ್ಲಿ ಪಾಠ ಅಂತ ಹೇಳಿದರೆ ಇನ್ನೂ ಎಚ್ಚರ. ಅಂಥ ಕಡೆ ಇರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ ಅಂತ ಯುನಿಸೆಫ್ ಯಾವತ್ತೋ ಹೇಳಿದೆ. ಮಕ್ಕಳೇನು ಟೂರಿಸ್ಟ್ ಪಾಯಿಂಟಾ ಅಂತ ಕಾಂಬೋಡಿಯಾದಲ್ಲೇ ದೊಡ್ಡ ಅಭಿಯಾನ ನಡೆದಿದೆ.

ನಮ್ಮ ಊರನ್ನೇ ನೋಡಿ. ವೀಕೆಂಡಿಗೆ ಹೋಂಸ್ಟೇಗೆ ಬಂದವರು ಶನಿವಾರ ಬೆಳಗಿನ ಶಾಲೆಗೆ ಚಾಕ್ಲೇಟ್ ಹಿಡಿದು ನುಗ್ಗುತ್ತಾರೆ. "ಮಕ್ಕಳಿಗೆ ಒಂದು ಗಂಟೆ ಸ್ಪೋಕನ್ ಇಂಗ್ಲಿಷ್ ಹೇಳ್ಕೊಡ್ತೀವಿ ಮೇಡಂ" ಅಂತಾರೆ. ಒಂದು ಹಾಡು, ಒಂದು ಗ್ರೂಪ್ ಫೋಟೋ. ಟೀಚರ್ ಆವತ್ತಿನ ಗಣಿತ ಬಿಟ್ಟು ಕುರ್ಚಿ ಜೋಡಿಸುತ್ತಾರೆ. ನಮಗೆ ಇದು ಕಿರಿಕಿರಿ ಅನಿಸುತ್ತೆ ತಾನೇ? ಫ್ಲೈಟ್ ಹತ್ತಿ ಹೋಗಿ ನಾವು ಅದನ್ನೇ ಮಾಡಿದರೆ ಸೇವೆ ಹೇಗಾಗುತ್ತೆ?

ಈ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತಿರುವವರ ಲೆಕ್ಕ ನೋಡಿ. ಬೇರೆ ದೇಶಗಳಿಗೆ ವಾಲಂಟಿಯರ್‌ಗಳನ್ನು ಕಳಿಸುವ ಅಮೆರಿಕ ಸರ್ಕಾರದ ಸಂಸ್ಥೆ ಪೀಸ್ ಕೋರ್ 1961ರಿಂದ ಇದೆ. ಅವರ ವಾಲಂಟಿಯರ್ ಮಾಮೂಲಾಗಿ 27 ತಿಂಗಳು ಇರುತ್ತಾರೆ, ಅದರಲ್ಲಿ ಮೊದಲ ಸುಮಾರು ಮೂರು ತಿಂಗಳು ಬರೀ ತರಬೇತಿ, ಸ್ಥಳೀಯ ಭಾಷೆ. ಅಂದರೆ ನಿಮಗೆ ಮಾರುತ್ತಿರುವ ಇಡೀ ಪ್ರೋಗ್ರಾಂ ಅವರ ತರಬೇತಿಯ ಕಾಲುಭಾಗ. ಅದು ಅಮೆರಿಕದ ಪ್ರಜೆಗಳಿಗೆ ಮಾತ್ರ, ನಮಗಿಲ್ಲ. ನಮಗೆ ಅಂಥದ್ದೇ ವಾಲಂಟಿಯರ್ ಸಂಸ್ಥೆಗಳಾದ ಬ್ರಿಟನ್ನಿನ ವಿಎಸ್ಓ, ವಿಶ್ವಸಂಸ್ಥೆಯ ಯುಎನ್‌ವಿ ಇವೆ. ಅವು ನಿಮ್ಮಿಂದ ಫೀಸು ಕೇಳುವುದಿಲ್ಲ, ಖರ್ಚಿಗೆ ಭತ್ಯೆ ಕೊಡುತ್ತವೆ. ಆಯ್ಕೆ ಸುಲಭವಲ್ಲ, ಅನುಭವ ಕೇಳುತ್ತಾರೆ. ಕೇಳಲಿ ಬಿಡಿ. ಇಲ್ಲಿ ಎರಡು ಮೂರು ವರ್ಷ ನಮ್ಮದೇ ಹಳ್ಳಿ ಶಾಲೆಯಲ್ಲಿ ಪಾಠ ಮಾಡಿ ಆಮೇಲೆ ಹೋದರೆ ಯಾರಿಗೇನು ನಷ್ಟ?

ಯಾವುದಾದರೂ ಸಣ್ಣ ಸಂಸ್ಥೆಯ ಮೂಲಕ ಹೋಗುವುದಾದರೆ ಫೀಸು ಕಟ್ಟುವ ಮುಂಚೆ ಕೆಲವು ಪ್ರಶ್ನೆ ಕೇಳಿ. ಕ್ಲಾಸಲ್ಲಿ ನನ್ನ ಜೊತೆ ಅಲ್ಲಿನ ಟೀಚರ್ ಇರ್ತಾರಾ? ಭಾಷೆ ಯಾರು ಕಲಿಸ್ತಾರೆ? ಯಾವ ವೀಸಾ? ಕಾಂಬೋಡಿಯಾಕ್ಕಾದರೆ ಟೂರಿಸ್ಟ್ ವೀಸಾ ಒಂದೇ ಸಲ ಮುಂದುವರಿಸಬಹುದು. ಜಾಸ್ತಿ ದಿನ ಇರುವವರು "ಟೈಪ್ ಇ" ಅಂತ ಕರೆಯುವ ಆರ್ಡಿನರಿ ವೀಸಾದಲ್ಲೇ ಒಳಗೆ ಹೋಗಬೇಕು. ಟೂರಿಸ್ಟ್ ವೀಸಾದಲ್ಲಿ ಬಾ, ಆಮೇಲೆ ನೋಡೋಣ ಅಂದರೆ ಅಲ್ಲೇ ಕೈಬಿಡಿ. ಕೊನೆಗೆ, ಹಿಂದಿನ ವರ್ಷ ಅದೇ ಶಾಲೆಯಲ್ಲಿ ಇದ್ದವರ ನಂಬರ್ ಕೇಳಿ. ವಾಲಂಟಿಯರ್‌ದು ಮಾತ್ರ ಅಲ್ಲ, ಅಲ್ಲಿನ ಟೀಚರ್‌ದೂ ಬೇಕು ಅನ್ನಿ. ಕೊಟ್ಟರೆ ಫೋನ್ ಮಾಡಿ ಮಾತಾಡಿ. ಕೊಡದಿದ್ದರೆ ಆ ದುಡ್ಡಲ್ಲಿ ಸುಮ್ನೆ ಟೂರ್ ಹೋಗಿ ಬನ್ನಿ. ಅಂಕೋರ್ ವಾಟ್ ಚೆನ್ನಾಗಿದೆ.