ಸ್ಪಷ್ಟನೆ: ನಾಲ್ಕು ಪಂದ್ಯ ಆಡಿದ ಹುಡುಗ ಬೆಂಚಿಗೆ ಹೋಗಲೇಬೇಕು ಅಂತೇನಿಲ್ಲ

ಅಮೆರಿಕದ ಕಾಲೇಜ್ ಫುಟ್‌ಬಾಲ್ ಮೇಲೆ ಫ್ಯಾಂಟಸಿ (ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಅವರ ಆಟಕ್ಕೆ ಅಂಕ ಪಡೆಯುವ ಆಟ) ಆಡುವವರಲ್ಲಿ ಸೀಸನ್ ನಡುವೆ ಒಂದು ಮಾತು ಓಡಾಡುತ್ತದೆ: "ಮೊದಲ ವರ್ಷದ ಹುಡುಗ ನಾಲ್ಕು ಪಂದ್ಯ ಆಡಿದ್ರೆ ಮುಗೀತು, ಆಮೇಲೆ ಇಳಿಸೋ ಹಾಗಿಲ್ಲ. ವೇವರ್‌ನಲ್ಲಿ (ಯಾರ ತಂಡದಲ್ಲೂ ಇಲ್ಲದ ಆಟಗಾರರ ಪಟ್ಟಿಯಲ್ಲಿ) ಅವನನ್ನು ತಗೋಬೇಡಿ." ಇದು ತಪ್ಪು.

2018ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜ್ ಕ್ರೀಡೆ ನೋಡಿಕೊಳ್ಳುವ ಸಂಸ್ಥೆ) ತಂದ ರೆಡ್‌ಶರ್ಟ್ ನಿಯಮ, ಅಂದರೆ ಒಂದು ವರ್ಷವನ್ನು ಲೆಕ್ಕಕ್ಕೆ ಸೇರದಂತೆ ಉಳಿಸಿಕೊಳ್ಳುವ ನಿಯಮ, ಹೇಳಿದ್ದೇ ಬೇರೆ. ನಾಲ್ಕು ಪಂದ್ಯದವರೆಗೆ ಆಡಿದರೂ ಆಟಗಾರ ಆ ವರ್ಷದ ಅರ್ಹತೆಯನ್ನು (ಕಾಲೇಜಿಗೆ ಆಡಲು ಸಿಗುವ ಕೆಲವೇ ವರ್ಷಗಳಲ್ಲಿ ಒಂದನ್ನು) ಉಳಿಸಿಕೊಳ್ಳಬಹುದು. ಐದನೆಯದಕ್ಕೆ ಇಳಿದರೆ ಆ ವರ್ಷ ಖರ್ಚಾಗುತ್ತದೆ, ಅಷ್ಟೇ. ಆಡಬಾರದು ಅಂತ ಅದರಲ್ಲಿ ಇಲ್ಲ. ರನ್ನಿಂಗ್ ಬ್ಯಾಕ್‌ಗಳಿಬ್ಬರು (ಚೆಂಡು ಹಿಡಿದು ಓಡುವವರು) ಗಾಯಗೊಂಡು ಕೂತಿದ್ದರೆ ಯಾವ ಕೋಚ್ ತಾನೇ ಚೆನ್ನಾಗಿ ಓಡುವ ಹುಡುಗನನ್ನು ಸುಮ್ನೆ ಉಳಿಸಿಡುತ್ತಾನೆ?

ನಿಯಮ ಮೊದಲ ವರ್ಷದವರಿಗೆ ಮಾತ್ರ ಅನ್ನುವುದೂ ಸರಿಯಲ್ಲ. 2024ರ ಸೆಪ್ಟೆಂಬರ್ ನೆನಪಿದೆ ಅಲ್ವಾ? ಯುಎನ್‌ಎಲ್‌ವಿ (ಲಾಸ್ ವೇಗಾಸ್‌ನ ವಿಶ್ವವಿದ್ಯಾಲಯದ ತಂಡ) ಮೊದಲ ಮೂರೂ ಪಂದ್ಯ ಗೆದ್ದಿತ್ತು. ಆಗ ಅದರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಮ್ಯಾಥ್ಯೂ ಸ್ಲೂಕಾ ಹಣದ ಮಾತಿನ ಜಗಳದಲ್ಲಿ ರೆಡ್‌ಶರ್ಟ್ ಘೋಷಿಸಿ ಹೊರನಡೆದ. ಅವನು ಹೊಸಬನಲ್ಲ, ಹೋಲಿ ಕ್ರಾಸ್ ಕಾಲೇಜಿನಲ್ಲಿ ವರ್ಷಗಟ್ಟಲೆ ಆಡಿ ಬಂದವನು. ಅವನ ಜಾಗಕ್ಕೆ ಬಂದ ಹಜ್-ಮಲಿಕ್ ವಿಲಿಯಮ್ಸ್ ಮುಂದಿನ ಪಂದ್ಯದಲ್ಲೇ ಫ್ರೆಸ್ನೊ ಸ್ಟೇಟ್ ಮೇಲೆ 59-14 ಗೆಲುವು ತಂದ. ಚೆಂಡು ಎಸೆದೂ ಅಂಕ, ಹಿಡಿದು ಓಡಿಯೂ ಅಂಕ. ಫ್ಯಾಂಟಸಿಗೆ ಇಂಥವನೇ ಬೇಕು.

ಹಾಗಾಗಿ ಪಂದ್ಯದ ಎಣಿಕೆ ನೋಡಿ ಯಾರನ್ನೂ ಕೈಬಿಡಬೇಡಿ. ಕಳೆದ ಎರಡು ವಾರ ಚೆಂಡು ಎಷ್ಟು ಸಲ ಅವನ ಕೈಗೆ ಬಂತು, ತಂಡದಲ್ಲಿ ಅವನಿಗಿಂತ ಮೊದಲು ಅವಕಾಶ ಸಿಗುವವನಿಗೆ ಗಾಯ ಎಷ್ಟು ಜಾಸ್ತಿ, ಕೋಚ್ ಏನಂದ, ಅದನ್ನು ನೋಡಿ ವೇವರ್‌ನಲ್ಲಿ ಬಿಡ್ ಹಾಕಿ.